ಸೂರಿನಲ್ಲಿ ಕಟ್ಟೆ, ಗೋಡೆಯಲ್ಲಿ ನೀರು

ಪ್ರಶ್ನೆ: ತೀರ್ಥಹಳ್ಳಿಯ ನಮ್ಮ ಹಂಚಿನ ಮನೆ ಎಂಥ ಮಳೆಗೂ ಸೋರಿದ್ದಿಲ್ಲ. ಇಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಎರಡು ವರ್ಷದ ಹಿಂದಷ್ಟೇ ಹೊಸ ಶಿಂಗಲ್ (ಹಂಚಿನ ಬದಲು ಹೊದಿಸುವ ತೆಳು ಬಿಲ್ಲೆ) ಹಾಕಿಸಿದ ಮಾಡು ಜನವರಿಯಲ್ಲಿ ಸೋರುತ್ತಿದೆ. ಸೂರಿನುದ್ದಕ್ಕೂ ಮಂಜುಗಡ್ಡೆ. ಮತ್ತೆ ಮಾಡು ಬದಲಿಸಬೇಕೇ?

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಮನೆಯ ಬಿಸಿಗಾಳಿ ಸಂದುಗೊಂದಿನಿಂದ ಅಟ್ಟಕ್ಕೇರಿ ಮಾಡನ್ನು ಬೆಚ್ಚಗಾಗಿಸುತ್ತದೆ, ಹಿಮ ಅಡಿಯಿಂದ ಕರಗುತ್ತದೆ. ಆ ನೀರು ಗೋಡೆಯಾಚೆ ಚಾಚಿದ ಸೂರಿಗೆ ಇಳಿದಾಗ ಅಲ್ಲಿ ಕೆಳಗಿನಿಂದ ಕಾವಿಲ್ಲ, ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಹಿಂದೆ ಕೆರೆಯಂತೆ ನಿಂತ ನೀರು ಶಿಂಗಲ್ ಅಡಿಗೆ ನುಗ್ಗುತ್ತದೆ. ಹಂಚಾಗಲಿ ಶಿಂಗಲ್ಲಾಗಲಿ, ಒಂದರ ಮೇಲೊಂದು ಹೊದಿಸುವುದು ಹರಿದುಹೋಗುವ ನೀರಿಗೆ. ನೀರು ಕಟ್ಟಿ ನಿಲ್ಲಿಸಿದರೆ ನಿಮ್ಮೂರಿನ ಮನೆಯೂ ಸೋರುತ್ತದೆ.

ನನ್ನ ಮೊದಲ ಚಳಿಗಾಲದಲ್ಲಿ ನಾನು ಏಣಿ ಹತ್ತಿ ಸುತ್ತಿಗೆಯಿಂದ ಕಟ್ಟೆ ಒಡೆದೆ. ಗಡ್ಡೆಯ ಜೊತೆ ಮೂರು ಶಿಂಗಲ್ ಪುಡಿಯಾದವು. ಸಿವಿಲ್ ಇಂಜಿನಿಯರ್ ಎಂದು ಬೀಗುತ್ತಿದ್ದವನು! ಆಮೇಲೆ ಟಾರ್ಚ್ ಹಿಡಿದು ಅಟ್ಟ ಹತ್ತಿದರೆ, ಮಾಡಿನಿಂದ ಇಳಿಬಿದ್ದ ಮೊಳೆಗಳ ತುದಿಯಲ್ಲೆಲ್ಲ ಬಿಳಿ ಹಿಮದ ಹರಳು. ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಹೊರಗೆ ಒಯ್ಯದೆ ಅಟ್ಟದಲ್ಲೇ ಬಾಯ್ದೆರೆಸಿ ಬಿಟ್ಟಿದ್ದರು. ನಮ್ಮ ಸ್ನಾನದ ಹಬೆಯೆಲ್ಲ ಅಲ್ಲಿ ಸೇರುತ್ತಿತ್ತು. ನೀವೂ ಹತ್ತಿ ನೋಡಿ. ಅಟ್ಟದ ನೆಲಕ್ಕೆ ಹಾಸಿದ ಫೈಬರ್ ಗ್ಲಾಸ್ ಇನ್ಸುಲೇಶನ್ (ಕಾವು ತಡೆಯುವ ಹೊದಿಕೆ) ಎಲ್ಲಿ ಕಪ್ಪಾಗಿದೆಯೋ ಅದರಡಿಯಲ್ಲಿ ತೂತು ಹುಡುಕಿ: ಮೇಲೇರುವ ಗಾಳಿಯ ದೂಳು ಅಲ್ಲಿ ಸೋಸಿ ಉಳಿದಿರುತ್ತದೆ. ಸೀಲಿಂಗ್ ದೀಪಗಳ ಸುತ್ತ, ತಂತಿ ಹಾದ ಕಡೆ, ಅಟ್ಟದ ಬಾಗಿಲಿನಂಚಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಮೊದಲು ಸಂದು ಮುಚ್ಚಿಸಿ, ಆಮೇಲೆ ಇನ್ಸುಲೇಶನ್. ಇದು ಹಿಂದುಮುಂದಾದರೆ ಉಪಯೋಗ ಕಡಿಮೆ. ಚಿಮಣಿಯ ಸುತ್ತ ಮಾತ್ರ ಮಾಮೂಲಿ ಫೋಮ್ ಬೇಡ. ತಗಡು, ಬೆಂಕಿ ತಡೆಯುವ ಸೀಲಂಟ್ ಬೇಕು. ಇನ್ಸುಲೇಶನ್ ಕಾವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಆರ್; ನಿಮ್ಮಲ್ಲಿ ಆರ್-49 ಇರಬೇಕು, ಊದಿ ತುಂಬುವ ಫೈಬರ್ ಗ್ಲಾಸಾದರೆ ಸುಮಾರು ಒಂದೂವರೆ ಅಡಿ. ತುಂಬುವ ಭರದಲ್ಲಿ ಸೂರಿನಡಿಯ ಗಾಳಿಕಂಡಿಗಳನ್ನು ಮುಚ್ಚಿಬಿಡಬೇಡಿ.

ಈ ವರ್ಷಕ್ಕೆ, ಹಿಮ ಬಿದ್ದ ಮರುದಿನ ನೆಲದಲ್ಲೇ ನಿಂತು ಉದ್ದ ಹಿಡಿಯ ಹಿಮಗೋರೆಯಿಂದ ಸೂರಿನ ಮೇಲಿನ ಮೂರು-ನಾಲ್ಕು ಅಡಿ ಎಳೆದು ಹಾಕಿ. ಈಗಾಗಲೇ ಕಟ್ಟೆ ಕಟ್ಟಿದ್ದರೆ ನೈಲಾನ್ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ, ಕಟ್ಟೆಗೆ ಅಡ್ಡಲಾಗಿ, ತುದಿ ಸೂರಿನಾಚೆ ಇಣುಕುವಂತೆ ಇಡಿ. ನೀರಿಗೆ ಕಾಲುವೆ ಕೊರೆದುಕೊಡುತ್ತದೆ. ಕಲ್ಲುಪ್ಪು ಬೇಡ, ಗಿಡಕ್ಕೂ ತಗಡಿಗೂ ಕೇಡು. ಕಾಲುಚೀಲವನ್ನು ಮನೆಯಾಕೆಯನ್ನು ಕೇಳಿಯೇ ತೆಗೆದುಕೊಳ್ಳಿ. ನಾನು ಕೇಳಿರಲಿಲ್ಲ.