ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ

ಪಶ್ಚಿಮ ಆಫ್ರಿಕಾದ ಘಾನಾ ದೇಶದ ಕುಮಾಸಿಯಲ್ಲಿ ನಡೆದ ಆಪ್ತಸಲಹೆ ಇದು. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಆಕೆಗೆ ಮೂವತ್ತರ ಆಸುಪಾಸು. ಕೆಜೇಟಿಯಾ ಮಾರುಕಟ್ಟೆಯಲ್ಲಿ ಬಟ್ಟೆ ವ್ಯಾಪಾರ. ಐದು ತಿಂಗಳ ಬಸುರಿ. ಬಸುರಿಯರಿಗೆ ಮಾಡುವ ಮಾಮೂಲಿ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ಗೊತ್ತಾಗಿ ಮಾತ್ರೆ ಶುರುವಾಗಿತ್ತು. ಕೆಲವೇ ವಾರಕ್ಕೆ ನಿಂತೂ ಹೋಗಿತ್ತು. ನನಗೆ ಅಲ್ಲಿನ ಟ್ವಿ ಭಾಷೆ ಅಷ್ಟಾಗಿ ಬರಲ್ಲ. ಆಕೆಯ ಒಪ್ಪಿಗೆ ಕೇಳಿ ನರ್ಸನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ಯಾಕೆ ಬಿಟ್ಟಿರಿ ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಅದಕ್ಕೇ, "ಮೇಡಂ, ಮಾತ್ರೆ ಎಲ್ಲಿಟ್ಟುಕೊಳ್ತೀರಿ?" ಅಂದೆ. ಚೀಲದಿಂದ ಒಂದು ವಿಟಮಿನ್ ಡಬ್ಬಿ ತೆಗೆದರು. ಮೇಲೆ ಒತ್ತಿ ತುಂಬಿದ ಹತ್ತಿ. ಕುಲುಕಿದರೆ ಸದ್ದಾಗುತ್ತೆ, ಅತ್ತೆ ಕೇಳಿಸಿಕೊಳ್ತಾರೆ ಅಂತ. ಒಳಗೆ ಎಚ್‌ಐವಿ ಮಾತ್ರೆ, ಕಬ್ಬಿಣದ ಮಾತ್ರೆ ಎರಡೂ ಕಲೆಸಿಹೋಗಿದ್ದವು. ಮಧ್ಯೆ ಅತ್ತೆ ಪ್ರಾರ್ಥನಾ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಉಪವಾಸ. ಮಾತ್ರೆ ನುಂಗುವುದೆಂದರೆ ದೇವರನ್ನು ನಂಬದಿರುವುದು ಅಂತ ಅಲ್ಲಿನ ಪಾಸ್ಟರ್ ಅಂದರಂತೆ.

ಮಾತ್ರೆ ಬಿಡಿಸುವವರ ಮೇಲೆ ನನಗೆ ಕೋಪ ಇದೆ. ಅದನ್ನು ಆಕೆಯ ಮುಂದೆ ಕಾರಿ ಏನು ಪ್ರಯೋಜನ? ಪಾಸ್ಟರೋ ಆಸ್ಪತ್ರೆಯೋ ಅಂತ ನಿಲ್ಲಿಸಿದರೆ ಆಕೆ ಅತ್ತೆಮನೆಯ ಕಡೆಗೇ ಹೋಗಬೇಕಾಗುತ್ತೆ. "ಪ್ರಾರ್ಥನೆ ಬಿಡಬೇಡಿ. ಉಪವಾಸ ಮಾತ್ರ ಬೇಡ, ಬಸುರಿ ಅಲ್ವಾ" ಅಂದೆ. ಆಗ ಮುಖ ಸ್ವಲ್ಪ ಸಡಿಲವಾಯಿತು.

ಉಪವಾಸ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆಕೆಯ ಎಚ್‌ಐವಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನೋ ಔಷಧಿ ಇದೆ. ಅದನ್ನು ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಮಾತ್ರೆ ಜೊತೆ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದ ಜೊತೆಯಾದರೆ ಎರಡನ್ನೂ ಒಟ್ಟಿಗೇ ತಗೊಳ್ಳಬಹುದು. ಹಾಗಾಗಿ ಹೀಗೆ ತೀರ್ಮಾನಿಸಿದೆವು: ಮಾತ್ರೆ ಅದರದೇ ಡಬ್ಬಿಯಲ್ಲಿರಲಿ, ಇಲ್ಲದಿದ್ದರೆ ತೇವ ಹಿಡಿಯುತ್ತೆ. ಡಬ್ಬಿ ಮನೆಯಲ್ಲಿ ಬೇಡ, ಅಂಗಡಿಯ ದುಡ್ಡಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ಮಧ್ಯಾಹ್ನ ಅಲ್ಲೇ ಊಟ ಮಾಡುವಾಗ ನುಂಗಿ. ಅವತ್ತೇ ಡಾಕ್ಟರಿಗೆ ತೋರಿಸಿ ಮತ್ತೆ ಶುರು ಮಾಡಿಸಿದೆವು.

ಮಗುವಿನ ಬಗ್ಗೆ ಆಕೆಗೆ ಜಾಸ್ತಿ ಭಯ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ ಶೇ. 15ರಿಂದ 45. ಸರಿಯಾಗಿ ಮಾತ್ರೆ ತಗೊಂಡರೆ ಶೇ. 5ಕ್ಕಿಂತ ಕಡಿಮೆ. ಹುಟ್ಟಿದ ಮೇಲೆ ಮಗುವಿಗೆ ಸಿರಪ್ ಕೊಡಬೇಕು. ಸುಮಾರು ಆರು ವಾರಕ್ಕೆ ಪರೀಕ್ಷೆ. ಮೊದಲ ಆರು ತಿಂಗಳು ಬರೀ ಎದೆಹಾಲು, ಬೇರೇನೂ ಬೇಡ. ಆದರೆ ಹಾಲು ಕುಡಿಸುವಷ್ಟು ಕಾಲವೂ ಆಕೆ ಮಾತ್ರೆ ತಪ್ಪಿಸುವ ಹಾಗಿಲ್ಲ.

ಗಂಡನಿಗೆ ಇನ್ನೂ ಹೇಳಿರಲಿಲ್ಲ. ಹೇಳಿ ಅಂತ ಒತ್ತಾಯಿಸುವ ಮೊದಲು, ಹೊಡೀತಾರಾ, ಮನೆಯಿಂದ ಹೊರಗೆ ಹಾಕ್ತಾರಾ ಅಂತ ವಿಚಾರಿಸಿದೆ. ಇಲ್ಲ, ಅತ್ತೆಗೆ ಹೇಳಿಬಿಟ್ಟರೆ ಅನ್ನೋದೇ ಚಿಂತೆ ಅಂದರು. ನಮ್ಮ ಎದುರಿಗೇ ಹೇಳೋಣ ಅಂತ ಒಪ್ಪಿಕೊಂಡರು.

ಆತ ಬಂದ. ಪರೀಕ್ಷೆಯಲ್ಲಿ ಸೋಂಕು ಇಲ್ಲ ಅಂತ ಬಂತು. "ಒಂದೇ ಹಾಸಿಗೆಯಲ್ಲಿ ಮಲಗ್ತೀವಲ್ಲ, ಅದು ಹೇಗೆ?" ಅಂತ ಎರಡೆರಡು ಸಲ ಕೇಳಿದ. ಇಂಥ ದಂಪತಿಗಳು ಎಷ್ಟೋ ಜನ ಇದ್ದಾರೆ. ಹೆಂಡತಿಯ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ಹರಡಲ್ಲ. ಅಲ್ಲಿಯವರೆಗೆ ಕಾಂಡೋಮ್ ಬಳಸಿ, ಸೋಂಕು ತಡೆಯುವ ಪ್ರೆಪ್ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ ಅಂದೆ. ಅಮ್ಮನಿಗೆ ಹೇಳುವುದೋ ಬೇಡವೋ ಅನ್ನುವುದು ಹೆಂಡತಿಗೆ ಬಿಟ್ಟಿದ್ದು ಅಂತಲೂ ಹೇಳಿದೆ. ತಲೆಯಾಡಿಸಿದ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆಗೆ ಬನ್ನಿ ಅಂದಾಗ, ದೊಡ್ಡ ಮಗಳನ್ನೂ ಪರೀಕ್ಷೆ ಮಾಡಿಸಬೇಕಾ ಅಂತ ಆತನೇ ಕೇಳಿದ. ಹೌದು, ಅದಕ್ಕೆ ಮೂರು ತಿಂಗಳು ಕಾಯಬೇಡಿ, ಈ ವಾರವೇ ಕರೆತನ್ನಿ ಅಂದೆ.