ಮೊದಲು ಯೂತ್ ಕ್ಲಬ್, ಆಮೇಲೆ ಪಿಎಚ್‌ಡಿ

ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ ನಾಲ್ಕು ವರ್ಷ ಬೆಂಗಳೂರಿನ ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡಿದ್ದೀರಿ. ಇಂಗ್ಲೆಂಡಿನಲ್ಲಿ ಯೂತ್ ವರ್ಕ್ ಬಗ್ಗೆ ಪಿಎಚ್‌ಡಿ ಮಾಡಿ ಇಲ್ಲೇ ಪಾಠ ಹೇಳಬಹುದಾ ಅಂತ ಕೇಳಿದ್ದೀರಿ. ನಾನು ಲೆಸ್ಟರ್‌ಗೆ ಬಂದು ಹದಿನೈದು ವರ್ಷ ಆಯಿತು, ಮಾಡುವುದು ಇದೇ ಕೆಲಸ. ಖಂಡಿತ ಆಗುತ್ತದೆ. ಆದರೆ ಬಂದ ಮೊದಲ ವಾರವೇ ಲೈಬ್ರರಿಗೆ ಓಡಬೇಡಿ. ಹದಿಹರೆಯದವರು ಬಿಡುವಿನಲ್ಲಿ ಬಂದು ಸೇರುವ, ಹತ್ತಿರದ ಯೂತ್ ಕ್ಲಬ್‌ನಲ್ಲಿ ವಾರಕ್ಕೊಂದು ಸಂಜೆ ವಾಲಂಟಿಯರ್ ಆಗಿ ಸೇರಿಕೊಳ್ಳಿ.

ಯಾಕೆ ಅಂದರೆ, ಇಲ್ಲಿ ಯೂತ್ ವರ್ಕ್ ಅಂದರೆ ಸೋಶಿಯಲ್ ವರ್ಕ್ ಅಲ್ಲ. ಸೋಶಿಯಲ್ ವರ್ಕ್‌ನಲ್ಲಿ ಕೇಸ್ ಇರುತ್ತದೆ, ಫೈಲ್ ಇರುತ್ತದೆ. ಯೂತ್ ವರ್ಕ್‌ನಲ್ಲಿ ಹುಡುಗರು ಮನಸ್ಸಿದ್ದರೆ ಬರುತ್ತಾರೆ, ಬೇಜಾರಾದರೆ ಎದ್ದು ಹೋಗುತ್ತಾರೆ. ತಡೆಯುವ ಹಕ್ಕು ನಮಗಿಲ್ಲ. ನಮ್ಮ ಕಡೆ ಅರಳಿಕಟ್ಟೆಗೆ ಯಾರೂ ಹಾಜರಿ ಹಾಕುವುದಿಲ್ಲ ಅಲ್ವಾ, ಹಾಗೆ.

ನನಗೆ ಇದು ಅರ್ಥವಾಗಿದ್ದು ತಡವಾಗಿ. ಮೊದಲ ದಿನವೇ ಪ್ರಶ್ನೆಗಳ ಪಟ್ಟಿ ಹಿಡಿದುಕೊಂಡು ಹೋಗಿದ್ದೆ. ಒಬ್ಬ ಹುಡುಗ ‘ನೀವು ಪೊಲೀಸಾ?’ ಅಂತ ಕೇಳಿ ಪೂಲ್ ಟೇಬಲ್ ಕಡೆ ತಿರುಗಿಬಿಟ್ಟ. ಮೂರು ವಾರ ಯಾರೂ ಮಾತಾಡಲಿಲ್ಲ. ನಾಲ್ಕನೇ ವಾರ ಪಟ್ಟಿ ಮನೆಯಲ್ಲೇ ಬಿಟ್ಟು, ಕ್ಲಬ್ಬಿನ ಅಡುಗೆಮನೆಯಲ್ಲಿ ಬ್ರೆಡ್ ಟೋಸ್ಟ್ ಮಾಡಲು ನಿಂತೆ. ಅದೇ ಹುಡುಗ ಬಂದು ಬೆಣ್ಣೆ ಸವರುತ್ತಾ, ನನ್ನ ಮುಖ ನೋಡದೆ, ಎರಡು ತಿಂಗಳಿಂದ ಸ್ಕೂಲಿಗೆ ಹೋಗುತ್ತಿಲ್ಲ ಅಂದ. ಕೈಗೆ ಕೆಲಸ ಇದ್ದಾಗ ಬಾಯಿ ಬಿಡುತ್ತಾರೆ. ನನ್ನ ಥೀಸಿಸ್‌ನ ದಿಕ್ಕೇ ಆ ಸಂಜೆ ಬದಲಾಯಿತು.

ಈ ಕೆಲಸಕ್ಕೆ ಇಲ್ಲಿ ದೊಡ್ಡ ಹಿನ್ನೆಲೆ ಇದೆ. ಯೂತ್ ಸರ್ವಿಸ್ ಬಗ್ಗೆ ಸರ್ಕಾರಿ ಸಮಿತಿ ಕೊಟ್ಟ 1960ರ ಆಲ್ಬೆಮಾರ್ಲ್ ವರದಿಯ ನಂತರ ತರಬೇತಿಗೆ ಬಲ ಬಂತು, ಮರುವರ್ಷ ಲೆಸ್ಟರ್‌ನಲ್ಲೇ ಯೂತ್ ಲೀಡರ್‌ಗಳ ರಾಷ್ಟ್ರೀಯ ಕಾಲೇಜು ಶುರುವಾಯಿತು. 2010ರಿಂದ ವೃತ್ತಿಪರ ಯೂತ್ ವರ್ಕರ್ ಆಗಲು ಡಿಗ್ರಿ ಬೇಕು. ಇಂಥ ಡಿಗ್ರಿಗೆ ಈ ವೃತ್ತಿಯ ಸಮಿತಿ ಕೊಡುವ ಒಪ್ಪಿಗೆಯನ್ನೇ ಜೆಎನ್‌ಸಿ ಮಾನ್ಯತೆ ಅನ್ನುತ್ತಾರೆ. ಅಂಥ ಕೋರ್ಸ್‌ನಲ್ಲಿ ಪಾಠ ಹೇಳುವವರಿಗೆ ಫೀಲ್ಡ್ ಅನುಭವ ಇದೆಯಾ ಅಂತ ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಬರೀ ಪಿಎಚ್‌ಡಿ ಸಾಲುವುದಿಲ್ಲ.

ಕಷ್ಟದ ಮಾತನ್ನೂ ಹೇಳಬೇಕು. 2010ರ ನಂತರ ಸ್ಥಳೀಯ ಕೌನ್ಸಿಲ್‌ಗಳು ಯೂತ್ ಸರ್ವಿಸ್‌ಗೆ ಕೊಡುವ ಹಣವನ್ನು ವಿಪರೀತ ಕಡಿತ ಮಾಡಿದವು. ಕ್ಲಬ್‌ಗಳು ಮುಚ್ಚಿದವು, ಕೋರ್ಸ್‌ಗಳೂ ಕಡಿಮೆಯಾದವು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಸೇರುವವರಿಲ್ಲ ಅಂತ ಕೋರ್ಸ್ ನಿಲ್ಲಿಸಿದರು, ನನ್ನ ಕಾಂಟ್ರಾಕ್ಟ್ ಅಲ್ಲಿಗೆ ಮುಗಿಯಿತು. ಮಗಳಿಗೆ ಆಗ ಎರಡು ವರ್ಷ. ಎಂಟು ತಿಂಗಳು ಬರೀ ಗಂಟೆ ಲೆಕ್ಕದ ಪಾಠ. ಹಾಗಾಗಿ ಶಿಕ್ಷಣ ಅಥವಾ ಸಮಾಜಶಾಸ್ತ್ರ ವಿಭಾಗದಲ್ಲೂ ಪಾಠ ಹೇಳುವಷ್ಟು ತಯಾರಿ ಮಾಡಿಕೊಳ್ಳಿ. ನನ್ನನ್ನು ಉಳಿಸಿದ್ದು ರಿಸರ್ಚ್ ಮೆಥಡ್ಸ್ ಪಾಠ.

ವೀಸಾ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. 2024ರಿಂದ ಸಾಮಾನ್ಯ ಮಾಸ್ಟರ್ಸ್‌ಗೆ ಬರುವವರು ಕುಟುಂಬ ಕರೆತರುವಂತಿಲ್ಲ, ಪಿಎಚ್‌ಡಿಗೆ ಬರುವವರು ಕರೆತರಬಹುದು. ಮಕ್ಕಳ ಜೊತೆ ಕೆಲಸ ಮಾಡಲು ಡಿಬಿಎಸ್ ತಪಾಸಣೆ, ಅಂದರೆ ಅಪರಾಧ ದಾಖಲೆಯ ತಪಾಸಣೆ, ಆಗಬೇಕು. ಭಾರತದ ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳಬಹುದು, ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಇಲ್ಲಿಂದ ಮಾಡಿಸುವುದು ಜಾಸ್ತಿ ತಲೆನೋವು.

ಭಾಷೆಯ ಹೆದರಿಕೆ ಬೇಡ. ಲೆಸ್ಟರ್‌ನ ಅಂಗಡಿಯಾಕೆ ‘ಮೀ ಡಕ್’ ಅಂತ ಕರೆದರೆ ಅದು ಪ್ರೀತಿಯ ಮಾತು. ಹುಡುಗರ ಇಂಗ್ಲಿಷ್ ಕಿವಿಗೆ ಹತ್ತಲು ಒಂದು ವರ್ಷ ಬೇಕು, ಅರ್ಥವಾಗದಿದ್ದರೆ ಸುಮ್ನೆ ಕೇಳಿ, ಖುಷಿಯಿಂದ ಕಲಿಸುತ್ತಾರೆ.

ಬೆಂಗಳೂರಿನ ಆ ನಾಲ್ಕು ವರ್ಷವನ್ನು ಸಣ್ಣದು ಅಂದುಕೊಳ್ಳಬೇಡಿ. ಭಾರತದ 2014ರ ರಾಷ್ಟ್ರೀಯ ಯುವ ನೀತಿಯಲ್ಲಿ ಯುವಜನ ಅಂದರೆ 15ರಿಂದ 29. ಇಲ್ಲಿ ಕ್ಲಬ್‌ಗೆ ಬರುವವರು ಹೆಚ್ಚಾಗಿ 11ರಿಂದ 18. ಹನ್ನೊಂದರ ಮಗು ಒಂದು ಕಡೆ ಲೆಕ್ಕಕ್ಕಿದೆ, ಇನ್ನೊಂದು ಕಡೆ ಇಲ್ಲ, ಯಾಕೆ? ನೀವು ಕೇಳಬಹುದಾದ ಒಳ್ಳೆಯ ಪ್ರಶ್ನೆ ಇಲ್ಲೇ ಇದೆ. ಆ ವರ್ಷಗಳ ಡೈರಿ, ಟಿಪ್ಪಣಿ ಏನಿದ್ದರೂ ಅಟ್ಟದ ಮೇಲೆ ಬಿಟ್ಟು ಬರಬೇಡಿ. ಮಕ್ಕಳ ಹೆಸರು ಅಳಿಸಿ, ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ಅದನ್ನು ಇಡಿ.