ಚಪ್ಪಲಿ ಬಿಡುವವರಿಗೆ ಟೇಕ್ ಆಫ್ ಕಷ್ಟವೇ?

ಸಂಪಾದಕರೇ, ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. 'ಸ್ವಿಚ್ ಆಫ್ ಅಂದರೆ ನಿಲ್ಲಿಸೋದು, ಟೇಕ್ ಆಫ್ ಅಂದರೆ ಹಾರೋದು, ಅದು ಹೇಗಪ್ಪಾ?' ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಗೈಡಿನಲ್ಲಿ ರಿಮೂವ್, ಡಿಪಾರ್ಟ್, ಡಿಡಕ್ಟ್, ಮಿಮಿಕ್ ಎಂದು ಸಮಾನಾರ್ಥಕ ಪದಗಳ ಸಾಲೇ ಇದೆ. ಬಾಯಿಪಾಠ ಮಾಡಿದ್ದಾಳೆ, ವಾಕ್ಯ ಮಾಡಲು ಹೋದರೆ ತಪ್ಪುತ್ತಾಳೆ. ಕನ್ನಡ ಮಾಧ್ಯಮಕ್ಕೆ ಸೇರಿಸಿದ್ದೇ ತಪ್ಪಾಯಿತೇ? ಇನ್ನೊಂದು ಸಣ್ಣ ಪ್ರಶ್ನೆ: ಟೇಕ್ ಮತ್ತು ಆಫ್ ನಡುವೆ ಅಡ್ಡಗೆರೆ ಹಾಕಬೇಕೋ ಬೇಡವೋ?
— ಓದುಗರು, ನಂದಿ, ಚಿಕ್ಕಬಳ್ಳಾಪುರ ತಾಲ್ಲೂಕು

ಮೊದಲು ಮಗಳಿಗೆ ಶಹಬ್ಬಾಸ್ ಹೇಳಿ ಸ್ವಾಮಿ. ಗೈಡು ಬರೆದವರಿಗೆ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆದಿದೆ. ನಿಮ್ಮನ್ನು ಮಾತ್ರ ಸ್ವಲ್ಪ ಬೈಯಬೇಕಿದೆ, ಅದು ಆಮೇಲೆ.

ಆಫ್ ಎಂದರೆ ನಿಲ್ಲುವುದು ಎಂಬ ಅರ್ಥ ನಮಗೆ ಬಂದದ್ದು ಗೋಡೆಯ ಮೇಲಿನ ಸ್ವಿಚ್ಚಿನಿಂದ. ಲೈಟ್ ಆಫ್, ಮೋಟರ್ ಆಫ್, ಮೊಬೈಲ್ ಆಫ್. ಇಂಗ್ಲಿಷಿನಲ್ಲಿ ಅದರ ಹಳೆಯ ಅರ್ಥ 'ಅಲ್ಲಿಂದ ಆಚೆಗೆ' ಎಂದು. ಆಫ್ (off) ಮತ್ತು ಆವ್ (of) ಒಂದು ಕಾಲಕ್ಕೆ ಒಂದೇ ಪದವಾಗಿದ್ದವು. ಬರವಣಿಗೆಯಲ್ಲಿ ಅವು ಪೂರ್ತಿ ಬೇರೆಯಾದದ್ದು 17ನೇ ಶತಮಾನದ ಹೊತ್ತಿಗೆ. ತಾಗಿಕೊಂಡಿದ್ದದ್ದು ಬಿಟ್ಟುಕೊಂಡರೆ ಅದು ಆಫ್. ಸ್ವಿಚ್ಚಿನೊಳಗೆ ತಂತಿಯ ಸಂಪರ್ಕ ಬಿಟ್ಟಿತು, ದೀಪ ಆರಿತು. ವಿಮಾನದ ಚಕ್ರ ನೆಲ ಬಿಟ್ಟಿತು, ವಿಮಾನ ಏರಿತು. ಎರಡು ಕಡೆಯೂ ನಡೆದದ್ದು ಒಂದೇ ಕೆಲಸ.

'ಬಿಟ್ಟಿತು' ಎಂದೆನಲ್ಲ, ಅಲ್ಲೇ ನಿಮ್ಮ ಮಗಳ ಆಸ್ತಿ ಇರುವುದು. ಭೋಗನಂದೀಶ್ವರನ ಗುಡಿ ಮುಂದೆ ಚಪ್ಪಲಿ ಬಿಡುತ್ತಾಳೆ. ಚಿಕ್ಕಬಳ್ಳಾಪುರದ ಬಸ್ಸು ಎಷ್ಟೊತ್ತಿಗೆ ಬಿಡುತ್ತೆ ಎಂದು ಕೇಳುತ್ತಾಳೆ. ಸಂತೆಯಲ್ಲಿ ಬಳೆಯವನ ಹತ್ತಿರ ಹತ್ತು ರೂಪಾಯಿ ಬಿಡಿಸಿಕೊಳ್ಳುತ್ತಾಳೆ. ಚಪ್ಪಲಿಗೂ ಹತ್ತು ರೂಪಾಯಿಗೂ ಇಂಗ್ಲಿಷಿನವನು ಟೇಕ್ ಆಫ್ ಎನ್ನಬಹುದು, ಬಸ್ಸಿಗೆ ಮಾತ್ರ ಸಾಮಾನ್ಯವಾಗಿ ಲೀವ್ ಎನ್ನುತ್ತಾನೆ. ಇವಲ್ಲದೆ ಜ್ವರ ಬಿಡುವುದು, ಬಣ್ಣ ಬಿಡುವುದು, ಗಿಡ ಹೂ ಬಿಡುವುದು, ಮಾವ ಗಡ್ಡ ಬಿಡುವುದು, ಪಕ್ಕದ ಮನೆಯವರು ರೈಲು ಬಿಡುವುದು ಎಲ್ಲವೂ ಅವಳಿಗೆ ಗೊತ್ತು. ಒಂದು ಕ್ರಿಯಾಪದ ಹತ್ತು ಕಡೆ ಹತ್ತು ವೇಷ ಹಾಕುತ್ತದೆ ಎಂದು ಯಾವ ಗೈಡೂ ಇಲ್ಲದೆ ಕಲಿತವಳಿಗೆ ಟೇಕ್ ಆಫ್ ಕಬ್ಬಿಣದ ಕಡಲೆ ಆಗಿದ್ದು ಹೇಗೆ? ಅವಳಿಗೆ ಗೊತ್ತಿರುವುದನ್ನು ಯಾರೂ ಅವಳಿಗೆ ತೋರಿಸಿಕೊಡಲಿಲ್ಲ, ಅಷ್ಟೆ.

ಗೈಡಿನ ಸಮಾನಾರ್ಥಕಗಳ ಹಣೆಬರಹ ನೋಡಿ. ಡಿಪಾರ್ಟ್ ಅಂತೆ. ಟಿಕೆಟ್ಟಿನಲ್ಲಿ ಅಚ್ಚಾಗುವ ಡಿಪಾರ್ಚರ್ ಸಮಯ ವಿಮಾನ ತಾನು ನಿಂತ ಜಾಗ ಬಿಟ್ಟು ಹೊರಡುವ ಸಮಯ. ಅಲ್ಲಿಂದ ರನ್‌ವೇವರೆಗೆ ತೆವಳಿಕೊಂಡು ಹೋಗಿ, ಸರದಿ ಕಾದು, ಓಡಿ, ಚಕ್ರ ಎದ್ದಾಗ ಟೇಕ್ ಆಫ್. 2008ರ ಮೇ ತಿಂಗಳಿಂದ ದೇವನಹಳ್ಳಿಯ ವಿಮಾನಗಳನ್ನು ಕತ್ತೆತ್ತಿ ನೋಡುತ್ತಿರುವ ನಿಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಡಿಡಕ್ಟ್ ಕೂಡ ಹಾಗೇ. ಅಂಗಡಿಯವನು ಬೆಲೆಯಲ್ಲಿ 50 ರೂಪಾಯಿ ಬಿಟ್ಟರೆ ಟೇಕ್ ಆಫ್ ಸಲೀಸು. ಮಂಡಿಯವನು ಪಟ್ಟಿಯಲ್ಲಿ ಕಮಿಷನ್ ಮುರಿದುಕೊಂಡರೆ ಡಿಡಕ್ಟ್. ಬಿಡುವುದಕ್ಕೂ ಮುರಿದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಟೊಮೆಟೊ ಬೆಳೆದವರಿಗೆ ಗೊತ್ತು. ಮಿಮಿಕ್ ಎಂಬ ಅರ್ಥ ಬ್ರಿಟಿಷರದು, ಈಚೆಗೆ ಅಷ್ಟಾಗಿ ಕೇಳಿಸುವುದಿಲ್ಲ. ಆದರೆ ಹಳೆಯದು: ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ ಇಂಥ ಜೋಡುಕ್ರಿಯಾಪದಗಳೇ ಪರದೇಶದವರಿಗೆ ಅತಿ ಕಷ್ಟ ಎಂದು ಬರೆದು, ಕೊಟ್ಟ ಉದಾಹರಣೆಗಳಲ್ಲಿ ಟೇಕ್ ಆಫ್ ಎಂದರೆ ನಕಲು ಮಾಡುವುದು ಎಂದೂ ಸೇರಿಸಿದ್ದಾನೆ. ಆಗಿನ್ನೂ ವಿಮಾನವೇ ಇರಲಿಲ್ಲ.

ವಾಕ್ಯದಲ್ಲಿ ತಪ್ಪುವುದು ಪದದ ಜಾಗದಿಂದ. ಶೂಸ್ ಎಂದು ಹೆಸರು ಹೇಳಿದರೆ 'ಟೇಕ್ ಆಫ್ ಯುವರ್ ಶೂಸ್', 'ಟೇಕ್ ಯುವರ್ ಶೂಸ್ ಆಫ್' ಎರಡೂ ಸರಿ. ಹೆಸರಿನ ಬದಲು 'ದೆಮ್' ಬಂತೋ, ಅದು ನಡುವೆಯೇ ಕೂರಬೇಕು: ಟೇಕ್ ದೆಮ್ ಆಫ್. 'ಟೇಕ್ ಆಫ್ ದೆಮ್' ಎಂದರೆ ಅಂಕ ಹೋಯಿತು. ವಿಮಾನದ ಅರ್ಥದಲ್ಲಿ ಕರ್ಮಪದವೇ ಬೇಡ. 'ದಿ ಪ್ಲೇನ್ ಟುಕ್ ಆಫ್', ಮುಗಿಯಿತು. ರಜಾ ಅರ್ಜಿಯಲ್ಲಿ ಇನ್ನೂ ಹುಷಾರು. 'ಐ ವಿಲ್ ಟೇಕ್ ಟುಮಾರೊ ಆಫ್' ಎಂದರೆ ನಾಳೆ ರಜ ಹಾಕುತ್ತೇನೆ. ಅದನ್ನೇ 'ಐ ವಿಲ್ ಟೇಕ್ ಆಫ್ ಟುಮಾರೊ' ಎಂದು ಬರೆದರೆ ನಾಳೆ ಕಂಬಿ ಕೀಳುತ್ತೇನೆ ಎಂದಾಯಿತು. ಆಫ್ ಒಂದು ಹೆಜ್ಜೆ ಸರಿದದ್ದಕ್ಕೆ ಇಷ್ಟು ಅನಾಹುತ.

ಕನ್ನಡದಿಂದಲೇ ಬರುವ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ನಮ್ಮ 'ತೆಗೆ' ಬಹಳ ಉದಾರಿ: ಮುಚ್ಚಳ ತೆಗೆ, ಡಬ್ಬಿಯಿಂದ ಬೆಲ್ಲ ತೆಗೆ, ಬಾಗಿಲು ತೆಗೆ. ಇಂಗ್ಲಿಷಿನಲ್ಲಿ ಮೇಲೆ ಕೂತದ್ದಕ್ಕೆ ಟೇಕ್ ಆಫ್, ಒಳಗಿದ್ದದ್ದಕ್ಕೆ ಟೇಕ್ ಔಟ್, ಬಾಗಿಲಿಗೆ ಓಪನ್. 'ಟೇಕ್ ಆಫ್ ದಿ ಡೋರ್' ಎಂದರೆ ಬಡಗಿಯನ್ನು ಕರೆಸಿ ಬಾಗಿಲನ್ನೇ ಕಳಚಬೇಕಾಗುತ್ತದೆ. ಆಸ್ಪತ್ರೆಯ ಮಾತು ಇನ್ನೂ ತಿರುವುಮುರುವು. ನಾವು ರೋಗಿಗೆ ಹಾಕಿದ್ದ ಆಕ್ಸಿಜನ್ ತೆಗೆದರು ಎನ್ನುತ್ತೇವೆ. ಅವರು ರೋಗಿಯನ್ನೇ ಆಕ್ಸಿಜನ್‌ನಿಂದ ಟೇಕ್ ಆಫ್ ಮಾಡುತ್ತಾರೆ. ಅರ್ಥದಲ್ಲಿ ಅನುಮಾನ ಬಂದಾಗ ಅದರ ಎದುರು ಪದ ಏನು ಎಂದು ಕೇಳಿಕೊಳ್ಳಲಿ. ಬಟ್ಟೆಗೆ ಪುಟ್ ಆನ್, ವಿಮಾನಕ್ಕೆ ಲ್ಯಾಂಡ್, ಬೆಲೆಗೆ ಆ್ಯಡ್. ಎದುರು ಪದ ಬದಲಾದರೆ ಅರ್ಥವೂ ಬೇರೆ ಎಂದು ಲೆಕ್ಕ. ಅರ್ಥಕ್ಕೊಂದು ಹಾಳೆ, ಹಾಳೆಗೆ ಮೂರು ಸ್ವಂತ ವಾಕ್ಯ, ಪಕ್ಕದಲ್ಲಿ ಮನೆಯಲ್ಲಿ ಆಡುವ ಕನ್ನಡ. ಗೈಡನ್ನು ಅಟ್ಟಕ್ಕೆ ಹಾಕಿ.

ಈಗ ಬೈಗುಳ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಕಿವಿಗೆ ಇಂಗ್ಲಿಷ್ ಹೆಚ್ಚು ಬೀಳುತ್ತದೆ, ಒಪ್ಪಿದೆ. ಆದರೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎನ್ನುವ ಊರುಗಳ ನಡುವೆ ಕೂತು ಇನ್ನೊಂದು ಭಾಷೆಗೆ ಹೆದರುತ್ತೀರಲ್ಲ! ನಿಮ್ಮ ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಓದಿದ್ದು ಇಂಗ್ಲಿಷ್, 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಇಂಗ್ಲಿಷ್ ಮೇಷ್ಟರಾಗಿದ್ದುಕೊಂಡೇ ಕನ್ನಡ ಕಾವ್ಯದ ದಾರಿ ತಿರುಗಿಸಿದರು. ನಿಜವಾಗಿ ಬಡವಾಗುತ್ತಿರುವುದು ನಮ್ಮ ಕನ್ನಡ. ಈ ಪತ್ರಿಕೆಗೆ ಬರುವ ಲೇಖನಗಳಲ್ಲೇ 'ವ್ಯಾಪಾರ ಟೇಕಾಫ್ ಆಯಿತು', 'ಯೋಜನೆ ಟೇಕಾಫ್ ಆಗಲಿಲ್ಲ' ಎಂದಿರುತ್ತದೆ. ವಿಮಾನ ಟೇಕಾಫ್ ಆಗಲಿ, ತಕರಾರಿಲ್ಲ. ವ್ಯಾಪಾರ ಕುದುರುತ್ತಿತ್ತಲ್ಲ, ಅದಕ್ಕೇನಾಯಿತು? ಓಡಿಹೋದವನು ಕಾಲಿಗೆ ಬುದ್ಧಿ ಹೇಳುತ್ತಿದ್ದ, ಆ ಬುದ್ಧಿ ಎಲ್ಲಿ ಹೋಯಿತು? ಮೊಬೈಲ್ ತೆರೆದರೆ ಎಲ್ಲಕ್ಕೂ ಒಂದೇ 'ತೆಗೆದುಹಾಕಿ'. ಅಂಗಿ ಬಿಚ್ಚು, ಬಳೆ ಕಳಚು, ಒಲೆ ಮೇಲಿನ ಪಾತ್ರೆ ಇಳಿಸು, ಕಳೆ ಕೀಳು, ಸಿಪ್ಪೆ ಸುಲಿ ಎಂದು ಒಂದೊಂದಕ್ಕೂ ಒಂದೊಂದು ಮಾತು ಇಟ್ಟುಕೊಂಡಿದ್ದ ಜನ ನಾವು.

ಅಡ್ಡಗೆರೆಯ ವಿಚಾರ: ಕ್ರಿಯಾಪದವಾದಾಗ ಎರಡು ಬಿಡಿ ಪದ, ಗೆರೆ ಬೇಡ. 'ದಿ ಟೇಕ್-ಆಫ್ ವಾಸ್ ಸ್ಮೂತ್' ಎಂದು ನಾಮಪದವಾದಾಗ ಬ್ರಿಟಿಷರು ಗೆರೆ ಹಾಕುತ್ತಾರೆ, ಅಮೆರಿಕದವರು ಎರಡನ್ನೂ ಸೇರಿಸಿ ಒಂದೇ ಪದವಾಗಿ ಬರೆಯುತ್ತಾರೆ. ಮಗಳ ಪಠ್ಯಪುಸ್ತಕದಲ್ಲಿ ಹೇಗಿದೆಯೋ ಪರೀಕ್ಷೆಯಲ್ಲಿ ಹಾಗೇ ಬರೆಯಲಿ.